ಕುದುರೆಮುಖಕ್ಕೆ ಹೋಗುವವರಿಗೆ: ಬುಕಿಂಗ್‌ನಿಂದ ಬೆಟ್ಟ ಇಳಿಯುವವರೆಗೆ

ಕುದುರೆಮುಖಕ್ಕೆ ಹೊರಡುವವರಲ್ಲಿ ಹೆಚ್ಚಿನವರ ಲೆಕ್ಕ ಒಂದೇ. ಬೆಳಿಗ್ಗೆ ಹತ್ತಬೇಕು, ತುದಿಯಲ್ಲಿ ಫೋಟೊ ತೆಗೆಸಿಕೊಳ್ಳಬೇಕು, ಕತ್ತಲಾಗುವುದರೊಳಗೆ ಇಳಿದು ಬಸ್ಸು ಹಿಡಿಯಬೇಕು. 1,894 ಮೀಟರ್ ಎತ್ತರದ ಶಿಖರ ಹತ್ತಿದ ಖುಷಿ ಇರಲಿ, ಅದು ಬೇಡವೆನ್ನುವವನಲ್ಲ ನಾನು. ಆದರೆ ಮಳೆಗಾಲದಲ್ಲಿ ತುದಿ ಮುಟ್ಟಿದವರಿಗೆ ಬಹಳಷ್ಟು ದಿನ ಅಲ್ಲಿ ಕಾಣುವುದು ಬರೀ ಮಂಜು. ಈ ಕಾಡಿನ ನಿಜವಾದ ಸಂಪತ್ತಿರುವುದು ದಾರಿಯುದ್ದಕ್ಕೂ, ಹುಲ್ಲುಗುಡ್ಡ ಮುಗಿದು ಶೋಲಾ ಕಾಡು (ಗುಡ್ಡಗಳ ಮಡಿಲಿನಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು) ಶುರುವಾಗುವ ಅಂಚುಗಳಲ್ಲಿ. ಅದನ್ನು ನೋಡುವುದಕ್ಕೆ ಬಿಡುವು ಸಿಗುವ ಹಾಗೆ ಪ್ರವಾಸವನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ಒಂದೊಂದೇ ಹಂತವಾಗಿ ಹೇಳುತ್ತೇನೆ.

ಮೊದಲು, ಹೋಗುವ ಜಾಗ ಎಂಥದ್ದೆಂದು ತಿಳಿದುಕೊಳ್ಳಿ

ಕುದುರೆಮುಖ ರಾಷ್ಟ್ರೀಯ ಉದ್ಯಾನ ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಸುಮಾರು 600 ಚದರ ಕಿಲೋಮೀಟರ್ ಹರಡಿಕೊಂಡಿದೆ. ಉದ್ಯಾನವೆಂದು ಘೋಷಣೆಯಾದದ್ದು 1987ರಲ್ಲಿ. ಅದಕ್ಕೂ ಮೊದಲು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿನ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಆ ಕೋತಿಗೆ ಇದು ಮುಖ್ಯ ನೆಲೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಕರ್ನಾಟಕದ ಹತ್ತು ತಾಣಗಳಿವೆ, ಕುದುರೆಮುಖವೂ ಒಂದು.

ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಗುಡ್ಡಸಾಲಿನಲ್ಲೇ. ಮೊದಲೆರಡು ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಮುಟ್ಟುತ್ತವೆ. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಹೊಸಪೇಟೆಯ ಗದ್ದೆಗೂ ಮಂಗಳೂರಿನ ನಲ್ಲಿಗೂ ನೀರು ಹೊರಡುವುದು ಇಲ್ಲಿಂದ.

ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದದ್ದೂ ಇಲ್ಲಿಯೇ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟದ ಕೆಳಗೆ ಪಣಂಬೂರಿಗೆ ಹರಿಸುತ್ತಿದ್ದರು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಕುದುರೆಮುಖ ಪಟ್ಟಣದ ಮೂಲಕ ಹೋಗುವಾಗ ಸಾಲುಸಾಲು ಖಾಲಿ ಕ್ವಾರ್ಟರ್ಸ್‌ಗಳು ಕಾಣುತ್ತವೆ. ಅವು ಯಾಕೆ ಖಾಲಿಯಾದವು ಎಂಬುದು ಗೊತ್ತಿದ್ದರೆ, ಮರುದಿನ ನೀವು ಕಾಲಿಡುವ ಹುಲ್ಲುಗಾವಲು ಎಂಥ ಹೋರಾಟದಿಂದ ಉಳಿದದ್ದೆಂದು ಮನಸ್ಸಿಗೆ ಬರುತ್ತದೆ.

ಎರಡನೆಯದು, ಕಾಲ ಗೊತ್ತುಮಾಡಿಕೊಳ್ಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡವೆಲ್ಲ ಹಸಿರು, ಹಳ್ಳಗಳೆಲ್ಲ ತುಂಬಿರುತ್ತವೆ. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಹಾಗಾಗಿ ಮಳೆಗಾಲದ ಚಾರಣವೆಂದರೆ ಇಡೀ ದಿನ ನೆನೆಯುವುದು, ಜಾರುವುದು, ಇಂಬಳ ಹತ್ತಿಸಿಕೊಳ್ಳುವುದು. ಮಳೆ ಜೋರಾದ ದಿನಗಳಲ್ಲಿ ಅರಣ್ಯ ಇಲಾಖೆಯೇ ದಾರಿ ಮುಚ್ಚುತ್ತದೆ. ಬುಕ್ ಆಗಿದ್ದರೂ ಹತ್ತುವುದಕ್ಕೆ ಬಿಡಲಿಲ್ಲ ಎಂದು ಗೇಟಿನಲ್ಲಿ ಜಗಳಕ್ಕೆ ನಿಲ್ಲಬೇಡಿ. ಮೇಲೆ ಹಳ್ಳ ಏರಿದೆಯೋ ಇಲ್ಲವೋ ಎಂಬುದು ಅಲ್ಲಿನವರಿಗೇ ಗೊತ್ತು.

ಅಕ್ಟೋಬರ್ ಕೊನೆಯಿಂದ ಜನವರಿವರೆಗಿನ ಕಾಲ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಆಕಾಶ ತಿಳಿಯಾಗಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಹುಲ್ಲು ಹಸಿರಿನಿಂದ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ಮೊದಲ ಸಲ ಬರುವವರು, ಮಕ್ಕಳನ್ನು ಕರೆತರುವವರು ಈ ಕಾಲವನ್ನೇ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯದಿಂದ ಚಾರಣದ ದಾರಿಗಳನ್ನು ಮುಚ್ಚಿಬಿಡುತ್ತಾರೆ. ಒಂದು ಬೀಡಿ ತುಂಡು ಸಾಕು, ಗಾಳಿಗೆ ಒಂದಿಡೀ ಗುಡ್ಡ ಮಧ್ಯಾಹ್ನದೊಳಗೆ ಕರಿಬೂದಿಯಾಗುತ್ತದೆ.

ಮೂರನೆಯದು, ಬುಕಿಂಗ್

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿದ ವಿಡಿಯೊ ನೀವೂ ನೋಡಿರಬಹುದು. ಆ ಗದ್ದಲದ ನಂತರ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿಯೂ ಬಂತು. ಅಲ್ಲಿ ಹೆಸರು, ಗುರುತಿನ ಚೀಟಿಯ ವಿವರ ತುಂಬಿ ಶುಲ್ಕ ಕಟ್ಟಿದರೆ ಟಿಕೆಟ್ ಬರುತ್ತದೆ. ಅದನ್ನು ಮೊಬೈಲ್‌ನಲ್ಲಿ ಇಳಿಸಿಕೊಂಡಿರಿ, ಒಂದು ಪ್ರಿಂಟೂ ಇರಲಿ. ಕಳಸ ದಾಟಿದ ಮೇಲೆ ನೆಟ್‌ವರ್ಕನ್ನು ನಂಬುವ ಹಾಗಿಲ್ಲ. ಬುಕ್ ಮಾಡಿದ ಗುರುತಿನ ಚೀಟಿಯನ್ನೇ ಜೊತೆಗೆ ಒಯ್ಯಿರಿ.

ಶನಿವಾರ, ಭಾನುವಾರದ ಟಿಕೆಟ್‌ಗಳು ಬೇಗ ಖಾಲಿಯಾಗುತ್ತವೆ. ಸಿಗಲಿಲ್ಲವೆಂದು ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ, ವಾರದ ನಡುವೆ ಒಂದು ರಜೆ ಹಾಕಿ ಬನ್ನಿ. ಮಂಗಳವಾರದ ಕುದುರೆಮುಖಕ್ಕೂ ಭಾನುವಾರದ ಕುದುರೆಮುಖಕ್ಕೂ ಅಜಗಜಾಂತರ. ಜನ ಕಡಿಮೆಯಿದ್ದ ದಿನ ಕಡವೆ ಹುಲ್ಲಿನಲ್ಲಿ ನಿಂತು ನಿಮ್ಮನ್ನೇ ನೋಡುತ್ತದೆ. ಜಾತ್ರೆಯಾದ ದಿನ ಹಕ್ಕಿಯ ದನಿಯೂ ಕೇಳುವುದಿಲ್ಲ.

ಶಿಖರಕ್ಕೆ ಟಿಕೆಟ್ ಸಿಗದಿದ್ದರೆ, ಅಥವಾ ಇಪ್ಪತ್ತು ಕಿಲೋಮೀಟರ್ ನಡೆಯುವ ಅಭ್ಯಾಸವಿಲ್ಲದಿದ್ದರೆ, ಬೇರೆ ದಾರಿಗಳಿವೆ. ಭಗವತಿ ಪ್ರಕೃತಿ ಶಿಬಿರದ ಹತ್ತಿರದಿಂದ ಹೊರಡುವ ಕುರಿಂಜಾಲು ದಾರಿ ಹೆಚ್ಚಿನ ಪಾಲು ಮರದ ನೆರಳಿನಲ್ಲೇ ಸಾಗುತ್ತದೆ, ಕೊನೆಗೆ ಮಾತ್ರ ಬಯಲು. ಸಂಸೆ ಕಡೆಯಿಂದ ನೇತ್ರಾವತಿ ಶಿಖರವಿದೆ, ಆಚೆ ಕಿಗ್ಗ ಕಡೆಯಿಂದ ನರಸಿಂಹ ಪರ್ವತವಿದೆ. ಮನೆಯ ಹಿರಿಯರ ಜೊತೆ ಬರುವವರಿಗೆ ನಾನು ಹೇಳುವುದು ಕುರಿಂಜಾಲನ್ನೇ.

ನಾಲ್ಕನೆಯದು, ತಲುಪುವುದು ಮತ್ತು ತಂಗುವುದು

ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ರಾತ್ರಿ ಬಸ್ಸುಗಳಿವೆ. ಮಂಗಳೂರು, ಉಡುಪಿ ಕಡೆಯವರು ಕಾರ್ಕಳ, ಬಜಗೋಳಿ, ಮಾಳದ ಮೂಲಕ ಘಟ್ಟ ಹತ್ತಬೇಕು. ಎರಡನೆಯ ದಾರಿ ಉದ್ಯಾನದ ನಡುವೆಯೇ ಹಾಯುತ್ತದೆ. ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಟ್ಟರೆ ಆ ಸಮಯದೊಳಗೇ ಆಚೆ ಗೇಟು ದಾಟಬೇಕು. ಕಂಡಕಂಡಲ್ಲಿ ಕಾರು ನಿಲ್ಲಿಸಿ ತಿಂಡಿ ಪೊಟ್ಟಣ ಬಿಚ್ಚುವಂತಿಲ್ಲ. ರಸ್ತೆ ಬದಿಯ ಕೋತಿಗಳಿಗೆ ಬಿಸ್ಕತ್ತು ಎಸೆಯುವುದಂತೂ ಬೇಡವೇ ಬೇಡ. ಮರದ ಮೇಲೇ ಹಣ್ಣು, ಹುಳು ತಿಂದು ಬದುಕುವ ಸಿಂಗಳೀಕವೂ ಈ ಆಸೆಗೆ ಡಾಂಬರಿಗಿಳಿದರೆ ಗಾಡಿಯ ಚಕ್ರಕ್ಕೆ ಸಿಗುತ್ತದೆ.

ಕಡಾಂಬಿ ಅಬ್ಬಿ ರಸ್ತೆಯ ಪಕ್ಕದಲ್ಲೇ ಕಾಣುತ್ತದೆ. ಹನುಮಾನ್ ಗುಂಡಿ ಜಲಪಾತಕ್ಕೆ ಟಿಕೆಟ್ ಪಡೆದು ಮೆಟ್ಟಿಲು ಇಳಿಯಬೇಕು. ಎರಡನ್ನೂ ದೂರದಿಂದ ನೋಡಿ ತೃಪ್ತಿಪಡಿ. ಪಾಚಿ ಹಿಡಿದ ಬಂಡೆ, ಸುಳಿ ಇರುವ ಗುಂಡಿ ಯಾರ ಈಜನ್ನೂ ಲೆಕ್ಕಕ್ಕಿಡುವುದಿಲ್ಲ.

ಶಿಖರದ ದಾರಿ ಶುರುವಾಗುವುದು ಮುಳ್ಳೋಡಿಯಿಂದ. ಕಳಸ–ಕುದುರೆಮುಖ ರಸ್ತೆಯ ಬಾಳೆಗಲ್‌ವರೆಗೆ ನಿಮ್ಮ ವಾಹನ ಬರುತ್ತದೆ, ಅಲ್ಲಿಂದ ಮುಂದೆ ಸ್ಥಳೀಯರ ಜೀಪು. ಕಲ್ಲು ಎದ್ದ, ಕೊರಕಲು ಬಿದ್ದ ಈ ಕಚ್ಚಾ ದಾರಿಗೆ ನಿಮ್ಮ ಕಾರು ಇಳಿಸುವ ಸಾಹಸ ಬೇಡ. ಜೀಪಿನ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ, ಮರಳಿ ಕರೆತರುವುದೂ ಸೇರಿದೆಯೇ ಎಂದು ಕೇಳಿಕೊಳ್ಳಿ. ಕಾಡಿನೊಳಗೆ ಡೇರೆ ಹಾಕಿ ಮಲಗುವುದಕ್ಕೆ ಅನುಮತಿಯಿಲ್ಲ. ಹಿಂದಿನ ರಾತ್ರಿ ಮುಳ್ಳೋಡಿ, ಸಂಸೆ ಅಥವಾ ಕಳಸದ ಹೋಂಸ್ಟೇಗಳಲ್ಲಿ ತಂಗಿ. ಮುಳ್ಳೋಡಿಯಲ್ಲೇ ತಂಗಿದರೆ ಬೆಳಿಗ್ಗೆ ಒಂದು ಗಂಟೆ ಉಳಿಯುತ್ತದೆ, ಈ ಚಾರಣದಲ್ಲಿ ಆ ಒಂದು ಗಂಟೆಗೆ ಬಹಳ ಬೆಲೆಯಿದೆ. ಮಧ್ಯಾಹ್ನದ ಬುತ್ತಿಯನ್ನು ಮನೆಯವರೇ ಕಟ್ಟಿಕೊಡುತ್ತಾರೆ. ನಿಮ್ಮ ಸ್ಟೀಲ್ ಡಬ್ಬಿ ಕೊಟ್ಟು ಅದರಲ್ಲೇ ಹಾಕಿಸಿಕೊಳ್ಳಿ.

ಐದನೆಯದು, ಚೀಲ ಕಟ್ಟುವುದು

ಹಿಡಿತ ಚೆನ್ನಾಗಿರುವ ಬೂಟು, ಆಗಲೇ ಹಾಕಿ ಪಳಗಿದ್ದು. ಹೊಸ ಬೂಟು ತೊಟ್ಟು ಬಂದವರು ಇಳಿಯುವಾಗ ಹಿಮ್ಮಡಿಯ ಗುಳ್ಳೆ ಒಡೆದು ಕುಂಟುತ್ತಾರೆ. ಎರಡು ಲೀಟರ್ ನೀರು ಹಿಡಿಯುವಷ್ಟು ಬಾಟಲಿ, ರೇನ್‌ಕೋಟು (ಗಾಳಿಗೆ ಛತ್ರಿ ನಿಲ್ಲುವುದಿಲ್ಲ), ಒಣ ಕಾಲುಚೀಲ ಒಂದು ಜೊತೆ, ಟಾರ್ಚು, ಓಆರ್‌ಎಸ್ ಪುಡಿ, ಬ್ಯಾಂಡೇಜು, ನಿಮ್ಮ ನಿತ್ಯದ ಔಷಧಿ, ಕಸ ತುಂಬಿ ತರುವುದಕ್ಕೊಂದು ಬಟ್ಟೆಚೀಲ. ಬಟ್ಟೆ ಬೇಗ ಒಣಗುವಂಥದ್ದಿರಲಿ. ನೆನೆದ ಜೀನ್ಸ್ ಹಾಕಿಕೊಂಡು ಹತ್ತುವುದು ಶಿಕ್ಷೆ. ಗೇಟಿನಲ್ಲಿ ಚೀಲ ತಪಾಸಣೆ ಮಾಡುತ್ತಾರೆ. ಪ್ಲಾಸ್ಟಿಕ್ ಪೊಟ್ಟಣ, ಸಿಗರೇಟು, ಮದ್ಯ ಮನೆಯಲ್ಲೇ ಇರಲಿ. ಬ್ಲೂಟೂತ್ ಸ್ಪೀಕರನ್ನೂ ಅವುಗಳ ಜೊತೆಗೇ ಬಿಟ್ಟು ಬನ್ನಿ.

ಇಂಬಳಕ್ಕೆ ಹೆದರಬೇಕಾಗಿಲ್ಲ. ಎಲೆಯ ತುದಿಯಲ್ಲಿ ದಾರದ ತುಂಡಿನಂತೆ ನಿಂತು, ನಿಮ್ಮ ಬಿಸಿ, ನಿಮ್ಮ ಹೆಜ್ಜೆಯ ಅದುರು ತಿಳಿದ ಕೂಡಲೇ ಅದು ನಿಮ್ಮ ಕಡೆಗೆ ಬಾಗುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮೇಲೆ ಹೊಗೆಸೊಪ್ಪಿನ ಪುಡಿಯನ್ನೋ ಎಣ್ಣೆಯಲ್ಲಿ ಕಲಸಿದ ಉಪ್ಪನ್ನೋ ಸವರಿದರೆ ಬಹಳಷ್ಟು ತಡೆಯಬಹುದು. ಹತ್ತಿದ್ದನ್ನು ಕಿತ್ತೆಳೆಯಬೇಡಿ. ಉಗುರಿನಿಂದ ಅದರ ಬಾಯಿಯ ಬದಿಗೆ ಒತ್ತಿ ಜಾರಿಸಿ, ಗಾಯ ತೊಳೆದು, ಒಂದಿಷ್ಟು ಹೊತ್ತು ಹತ್ತಿ ಒತ್ತಿ ಹಿಡಿಯಿರಿ. ರಕ್ತ ನಿಲ್ಲುವುದು ತುಸು ತಡವಾಗುತ್ತದೆ, ಗಾಬರಿ ಬೇಡ.

ಆರನೆಯದು, ನಡಿಗೆ

ಮುಳ್ಳೋಡಿಯಿಂದ ತುದಿಗೆ ಸುಮಾರು ಒಂಬತ್ತು ಹತ್ತು ಕಿಲೋಮೀಟರ್. ಹೋಗಿ ಬರುವುದಕ್ಕೆ ಎಂಟು ಗಂಟೆ ಇಟ್ಟುಕೊಳ್ಳಿ, ಮಳೆಯಲ್ಲಿ ಇನ್ನೊಂದು ಗಂಟೆ ಸೇರಿಸಿ. ಗೇಟು ತೆರೆದ ಕೂಡಲೇ ಹೊರಡುವವರ ಗುಂಪಿನಲ್ಲಿ ನೀವಿರಬೇಕು. ಗೈಡ್ ಕಡ್ಡಾಯ. ಇವರಲ್ಲಿ ಬಹಳಷ್ಟು ಮಂದಿ ಅದೇ ಊರುಗಳಲ್ಲಿ ಹುಟ್ಟಿ ಬೆಳೆದವರು. “ಅಣ್ಣಾ, ಇದು ಯಾವ ಮರ?” ಎಂದು ಕೇಳಿ ನೋಡಿ, ಮುಂದಿನ ದಾರಿಯೇ ಬೇರೆಯಾಗುತ್ತದೆ.

ಮೊದಲ ಭಾಗ ಏರಿಳಿತದ ಸುಲಭ ದಾರಿ, ಕಾಡು ಮತ್ತು ಹಳ್ಳಗಳ ನಡುವೆ. ಇಲ್ಲಿ ಎಲ್ಲರೂ ಓಡುತ್ತಾರೆ. ನೀವು ಓಡಬೇಡಿ. ಉಸಿರು ಕಟ್ಟದೆ ಮಾತಾಡುತ್ತಾ ನಡೆಯುವಷ್ಟು ವೇಗ ಸಾಕು, ಏಕೆಂದರೆ ಕಡಿದಾದ ಏರು ಬರುವುದು ಮುಂದೆ.

ಹಳ್ಳ ದಾಟುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮಳೆಗಾಲದಲ್ಲಿ ದೊಡ್ಡ ಅಪಾಯ ಇರುವುದು ಇದರಲ್ಲೇ. ಬೂಟು ಬಿಚ್ಚಬೇಡಿ, ಬರಿಗಾಲು ಪಾಚಿಯ ಮೇಲೆ ನಿಲ್ಲುವುದಿಲ್ಲ. ಚೀಲದ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ. ಬಿದ್ದರೆ ಚೀಲ ಕಳಚಿ ಹೋಗಬೇಕು, ನಿಮ್ಮನ್ನು ನೀರಿನೊಳಗೆ ಎಳೆಯಬಾರದು. ನೀರು ಬರುವ ಕಡೆಗೆ ಮುಖ ಮಾಡಿ, ಕೋಲೂರಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲೇ ಇನ್ನೊಂದನ್ನು ಎತ್ತಿ, ಅಡ್ಡಡ್ಡವಾಗಿ ಸರಿಯುತ್ತಾ ಹೋಗಿ. ಮೊಣಕಾಲಿಗಿಂತ ಮೇಲೆ ನೀರಿದ್ದರೆ, ಅಥವಾ ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾಗಿ ಕಸಕಡ್ಡಿ ತರತೊಡಗಿದರೆ, ದಾಟಬೇಡಿ. ಮೇಲೆಲ್ಲೋ ಜೋರು ಮಳೆ ಸುರಿದಿದೆ ಎಂದೇ ತಿಳಿಯಿರಿ. ಘಟ್ಟದ ಹಳ್ಳ ಎಷ್ಟು ಬೇಗ ಏರುತ್ತದೋ ಮಳೆ ನಿಂತರೆ ಅಷ್ಟೇ ಬೇಗ ಇಳಿಯುತ್ತದೆ. ಕಾಯಿರಿ, ಇಲ್ಲವೇ ಹಿಂದಿರುಗಿ.

ಮುಂದೆ ಬಯಲಿನಲ್ಲಿ ಒಂಟಿಮರ ಸಿಗುತ್ತದೆ, ಎಲ್ಲರೂ ಕೂತು ದಣಿವಾರಿಸಿಕೊಳ್ಳುವ ಜಾಗ. ಬಿಸಿಲಿಗೆ ಸೊಗಸು. ಗುಡುಗು ಕೇಳಿದರೆ ಮಾತ್ರ ಅದರ ಕೆಳಗೆ ನಿಲ್ಲಬೇಡಿ. ಬಯಲಲ್ಲಿ ಒಂದೇ ಎತ್ತರದ ಮರವೆಂದರೆ ಸಿಡಿಲಿಗೆ ಕೊಟ್ಟ ಆಹ್ವಾನ. ಅಕ್ಟೋಬರ್‌ನ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ. ಮೋಡ ಕಪ್ಪಾಗುತ್ತಿದ್ದಂತೆ ಗುಡ್ಡದ ಏಣಿನ ಮೇಲಿಂದ ತಗ್ಗಿಗೆ ಇಳಿಯಿರಿ, ಗುಂಪಾಗಿ ನಿಲ್ಲದೆ ಚದುರಿ ಕೂರಿ.

ಏಳನೆಯದು, ನಿಂತು ನೋಡಿ

ಒಂಟಿಮರ ದಾಟಿದ ಮೇಲೆ ಸುತ್ತ ಕಣ್ಣಾಡಿಸಿ. ಗುಡ್ಡದ ಬೆನ್ನೆಲ್ಲ ಹುಲ್ಲು, ಎರಡು ಗುಡ್ಡ ಕೂಡುವ ಮಡಿಲುಗಳಲ್ಲಿ ಮಾತ್ರ ದಟ್ಟ ಕಾಡು. ಯಾರೋ ಗೆರೆ ಎಳೆದಂತೆ ಹುಲ್ಲು ನಿಂತಲ್ಲಿ ಮರ ಶುರು. ಮರ ಕಡಿದದ್ದರಿಂದ ಹುಲ್ಲು ಬಂತು ಎಂದು ಕೆಲವರು ಹೇಳುವುದುಂಟು, ಗಿಡ ನೆಟ್ಟರೆ ಪುಣ್ಯ ಎಂದೂ ಹೇಳುತ್ತಾರೆ. ಅದು ಸರಿಯಲ್ಲ. ಗಾಳಿ ಬಡಿಯುವ ಬೆನ್ನಿನಲ್ಲಿ ಮಣ್ಣು ತೆಳು, ಅಲ್ಲಿ ಹುಲ್ಲೇ ಸಹಜ. ಮಡಿಲಿನಲ್ಲಿ ಗಾಳಿಗೆ ಮರೆ ಇದೆ, ತೇವ ಇದೆ, ಎಲೆ ಕೊಳೆತು ಆಳವಾದ ಕಪ್ಪು ಮಣ್ಣಾಗಿದೆ, ಅಲ್ಲಿ ಶೋಲಾ. ಹುಲ್ಲಿನ ಬೇರುಗಳು ಅಷ್ಟು ಮಳೆಯನ್ನೂ ತಡೆದು ಮಣ್ಣಿಗೆ ಇಳಿಸುತ್ತವೆ, ಶೋಲಾದ ನೆಲ ಅದನ್ನು ಸ್ಪಂಜಿನಂತೆ ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುತ್ತದೆ. ಮಳೆಗಾಲ ಮುಗಿದ ಎಷ್ಟೋ ದಿನದ ಮೇಲೂ ಹಳ್ಳದಲ್ಲಿ ತಣ್ಣೀರು ಹರಿಯುವುದು ಇದರಿಂದ.

ದಾರಿ ಶೋಲಾದೊಳಗೆ ಹೊಕ್ಕಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಿ. ಹೊರಗೆ ಕಿವಿ ಕಿತ್ತುಹೋಗುವ ಗಾಳಿ ಬೀಸುತ್ತಿದ್ದರೂ ಒಳಗೆ ಒಂದು ಎಲೆ ಅಲುಗುವುದಿಲ್ಲ. ಮರಗಳು ಗಿಡ್ಡ, ಕೊಂಬೆಗಳು ಸೊಟ್ಟ, ಮೈತುಂಬ ಪಾಚಿ, ಸೀತಾಳೆ ದಂಡೆ, ಜರಿಗಿಡ. ಕಾಂಡದ ಪಾಚಿಗೆ ಮೆಲ್ಲಗೆ ಬೆರಳು ತಾಗಿಸಿದರೆ ನೀರು ಸೋರುತ್ತದೆ. ಹಳ್ಳದ ಕಡೆಯಿಂದ, ಯಾರೋ ಹುಡುಗ ಗೊತ್ತುಗುರಿಯಿಲ್ಲದೆ ಶಿಳ್ಳೆ ಹಾಕುತ್ತಿದ್ದಾನೆ ಎನ್ನಿಸುವ ದನಿ ಬಂದರೆ ಅದು ಸಿಳ್ಳಾರ ಹಕ್ಕಿ. ಅಂಚಿನ ಪೊದೆಗಳಲ್ಲಿ ಹೆಚ್ಚಿನವು ಗುರಿಗೆ, ಹಲವು ವರ್ಷಕ್ಕೊಮ್ಮೆ ಮಾತ್ರ ಸಾಮೂಹಿಕವಾಗಿ ಹೂ ಬಿಡುವ ಗಿಡ. ಮಳೆಗಾಲದಲ್ಲಿ ತೇವದ ಬಂಡೆಗಳ ಮೇಲೆ ಕಾಡು ಕರ್ಣಕುಂಡಲದ ಗುಲಾಬಿ ಹೂಗಳನ್ನು ಕಾಣಬಹುದು. ಕೀಳಬೇಡಿ, ಅಂಗೈಯಲ್ಲಿ ಅರ್ಧ ಗಂಟೆಯೂ ಬಾಳುವುದಿಲ್ಲ.

ಹುಲ್ಲಿನಲ್ಲಿ ಕಾಟಿಗಳು (ಕಾಡುಕೋಣಗಳು) ಕಂಡರೆ ನಿಂತುಬಿಡಿ, ಅವು ಹೋಗುವವರೆಗೆ ಕಾಯಿರಿ. ಹತ್ತಿರ ಹೋಗಿ ಸೆಲ್ಫಿ ತೆಗೆಯುವ ಪ್ರಾಣಿಯಲ್ಲ ಅದು. ಕಲ್ಲು ಹಿಡಿದು ಹತ್ತುವಾಗ ಕೈ ಇಡುವ ಮೊದಲು ಆ ಜಾಗ ನೋಡಿ, ಗುಳಿಮಂಡಲ ಹಾವು ಹಳ್ಳದ ಬಂಡೆಯ ಮೇಲೆ ಅಲುಗಾಡದೆ ಮಲಗಿರುತ್ತದೆ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಗೈಡಿಗೆ ಹೇಳಿ, ಕಚ್ಚಿಸಿಕೊಂಡವರನ್ನು ನಡೆಸದೆ ಹೊತ್ತು ತಂದು ಆಸ್ಪತ್ರೆಗೆ ಸೇರಿಸಿ.

ಇನ್ನು ದಾರಿಯ ವಿಚಾರ. ಕಡಿದಾದ ಏರಿನಲ್ಲಿ ಕಾಲುದಾರಿ ಬಳಸಿಕೊಂಡು ಹೋಗುತ್ತದೆ, ಅವಸರದವರು ನೇರ ಹತ್ತಿ ಅಡ್ಡದಾರಿ ಮಾಡುತ್ತಾರೆ. ನೂರು ಬೂಟು ತುಳಿದಲ್ಲಿ ಹುಲ್ಲಿನ ಬುಡ ಕಿತ್ತುಬರುತ್ತದೆ. ಮುಂದಿನ ಮಳೆಗೆ ಆ ಗೆರೆಯೇ ಕಾಲುವೆ. ಅದರ ಮುಂದಿನ ವರ್ಷ ಮೊಣಕಾಲುದ್ದದ ಕೊರಕಲು. ಇಂಥ ಕೆಂಪು ಗಾಯಗಳು ಈಗಾಗಲೇ ಗುಡ್ಡದ ಮೈಮೇಲೆ ಸಾಕಷ್ಟಿವೆ. ಆ ಮಣ್ಣು ಇಳಿದು ಸೇರುವುದು ಭದ್ರೆಯನ್ನು. ದಯವಿಟ್ಟು ಕೆಸರಿದ್ದರೂ ಹಳೆಯ ದಾರಿಯಲ್ಲೇ ನಡೆಯಿರಿ, ಪಕ್ಕದ ಹುಲ್ಲಿಗೆ ಕಾಲಿಡಬೇಡಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದಿರಲಿ.

ಎಂಟನೆಯದು, ತುದಿ ಮತ್ತು ಇಳಿತ

ತುದಿಯ ಹತ್ತಿರ ಬ್ರಿಟಿಷರ ಕಾಲದ ಪಾಳುಗೋಡೆಗಳಿವೆ, ಚರ್ಚೆಂದು ಹೇಳುತ್ತಾರೆ. ಗೋಡೆ ಹತ್ತಬೇಡಿ, ಕಲ್ಲುಗಳು ಸಡಿಲವಾಗಿವೆ. ಅಲ್ಲಿಂದ ಮೇಲೆ ಪಶ್ಚಿಮದ ಕಡೆ ಗುಡ್ಡ ಒಮ್ಮೆಲೇ ಕರಾವಳಿಗೆ ಕುಸಿಯುತ್ತದೆ. ಮಂಜಿದ್ದಾಗ ಅಂಚು ಎಲ್ಲಿದೆ ಎಂದು ಕಾಣುವುದಿಲ್ಲ, ಗಾಳಿ ನಿಂತವರನ್ನು ತಳ್ಳುತ್ತದೆ. ಗೈಡ್ ನಿಂತ ಜಾಗದಿಂದ ಮುಂದೆ ಹೋಗಬೇಡಿ.

ಹಿಂದಿರುಗುವ ಸಮಯವನ್ನು ಹತ್ತುವಾಗಲೇ ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದೀರೋ ಅಲ್ಲಿಂದಲೇ ಹಿಂದಿರುಗುವುದು, ತುದಿ ಅರ್ಧ ಗಂಟೆ ದೂರವಿದ್ದರೂ ಸರಿ. ಇಳಿತ ಸುಲಭವೆಂದುಕೊಳ್ಳುವವರೇ ಹೆಚ್ಚು, ಬಿದ್ದು ಕಾಲು ಉಳುಕಿಸಿಕೊಳ್ಳುವುದು ಇಳಿಯುವಾಗಲೇ. ಮೊಣಕಾಲು ತುಸು ಬಗ್ಗಿಸಿ, ಗಿಡ್ಡ ಹೆಜ್ಜೆ ಹಾಕಿ, ಕೋಲನ್ನು ಮುಂದೆ ಊರಿ ಇಳಿಯಿರಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನದವರು ಮುಂದಿರಲಿ.

ಕೊನೆಗೆ, ಮನೆಗೆ ಬಂದ ಮೇಲೆ

ನವೆಂಬರ್‌ನಿಂದ ಮೇವರೆಗೆ ಮಲೆನಾಡಿನಲ್ಲಿ ಉಣುಗುಗಳ ಕಾಟ, ಅವುಗಳಿಂದ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಆಮೇಲೆ ಚಿಕ್ಕಮಗಳೂರು ಜಿಲ್ಲೆಗೂ ಹಬ್ಬಿತು. ಆ ತಿಂಗಳುಗಳಲ್ಲಿ ಹೋಗುವವರು ತುಂಬುತೋಳಿನ ಅಂಗಿ ತೊಡಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ, ಒಣಎಲೆಯ ಮೇಲೆ ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡಿಗೆ ತಿಳಿಸಿ.

ತಂಗಿದ ಮನೆಗೆ ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ತೊಟ್ಟ ಬಟ್ಟೆಯನ್ನು ಬೇರೆಯೇ ಇಟ್ಟು ಬಿಸಿನೀರಿನಲ್ಲಿ ಒಗೆಯಿರಿ. ಕಂಕುಳು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಸೊಂಟದ ಸುತ್ತ ಹುಡುಕಿ ನೋಡಿ. ಎಳೆಯ ಉಣುಗು ಸಾಸಿವೆಗಿಂತ ಚಿಕ್ಕದು. ಅಂಟಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಬೆರಳಿನಲ್ಲಿ ಹಿಸುಕಬೇಡಿ. ಎರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ಜೋರು ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ಕುದುರೆಮುಖದ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ. ಬೆಂಗಳೂರಿನಲ್ಲೋ ದೂರದ ಊರಿನಲ್ಲೋ ಕೂತ ವೈದ್ಯರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.